ನಾಲ್ಕು ಸೆಂಟಿಮೀಟರ್

ನಿವೃತ್ತನಾದ ದಿನ ಹಿಲ್ಲಾರ್ ನನ್ನ ಕೈಗಿತ್ತದ್ದು
ಸರೋವರದ ದಂಡೆಯ ದೋಣಿಮನೆಯ ಕೀಲಿಕೈ,
ಅರ್ಧ ಡಬ್ಬಿ ಕಾಫಿ,
ಮತ್ತು ಮೂವತ್ತು ಚಳಿಗಾಲ ಕೂಡಿಟ್ಟ ಒಂದು ನೋಟ್‌ಬುಕ್ಕು.
ಕಾಗದದ್ದಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಗೂಡು,
ಗೂಡಿಗೊಂದು ತುಣುಕು ಲೆಕ್ಕ, ಅದರಡಿಗೇ ಉತ್ತರ.

"ಆರಿಸಬೇಡ ಇದನ್ನು" ಅಂದ, ಕಂಪ್ಯೂಟರ್ ತೋರಿಸಿ,
ಒಲೆಯ ಮೇಲಿಟ್ಟ ಹಾಲಿನ ಬಗ್ಗೆ ಹೇಳುವವನಂತೆ.

ನಾನು ಆರಿಸಲಿಲ್ಲ. ನವೆಂಬರಿನ ಗಾಳಿ ಆರಿಸಿತು.
ತಾರ್ತುವಿನಿಂದ ಬರುವ ತಂತಿಯ ಮೇಲೆ ಬರ್ಚ್ ಮರ ಉರುಳಿ
ರಾತ್ರಿಯಿಡೀ ದಂಡೆಗೆ ದಂಡೆಯೇ ಕತ್ತಲು.

ಬೆಳಿಗ್ಗೆ ಮೊದಲ ಗೂಡಿನಿಂದ ಕೊನೆಯ ಗೂಡಿನವರೆಗೆ
ಸಾಲಾಗಿ ಓಡಿಸಿದೆ.
ಅವನ ಪ್ರಬಂಧದಲ್ಲಿ ಮಂಜುಗಡ್ಡೆಯ ಸರಾಸರಿ ದಪ್ಪ
ಮೂವತ್ತೆಂಟು ಸೆಂಟಿಮೀಟರ್.
ನನಗೆ ನಲವತ್ತಾರು.
ಮತ್ತೆ ಓಡಿಸಿದೆ, ನಲವತ್ತಾರು.
ಕಾಫಿ ಕುಡಿದು ಬಂದು ಓಡಿಸಿದೆ. ಕಾಫಿ ಚೆನ್ನಾಗಿತ್ತು.
ನಲವತ್ತಾರು.

ಅವನು ಉಳಿಸಿಹೋಗಿದ್ದ ಹಳೆಯ ಪ್ರತಿ ತೆಗೆದೆ.
ಪ್ರತಿ ಗೂಡಿನ ಎಡಕ್ಕೆ ಕಂಸದಲ್ಲಿ ಪುಟ್ಟ ಅಂಕೆ,
ಯಾವುದು ಯಾವಾಗ ಓಡಿತು ಎನ್ನುವ ಸರದಿ:
ಒಂದು, ಎರಡು, ಹದಿನೇಳು, ಆರು, ಒಂಬತ್ತು, ನಲವತ್ತು.
ಮೇಲ್ನೋಟಕ್ಕೆ ಶಾಲಾಮಕ್ಕಳ ಸಾಲು.
ಒಳಗೆ ಮನುಷ್ಯ ಹಿಂದೆ ಮುಂದೆ ಅಲೆದಾಡಿದ್ದಾನೆ
ಹಣೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತ.
ಏಳು ಎಲ್ಲೂ ಇಲ್ಲ.
ಎಂಟೂ ಇಲ್ಲ.

ಕಾಗದದ ಮೇಲಾದರೆ ಗೀಟು ಹಾಕಿದ ಮಾತು
ಗೀಟಿನ ಕೆಳಗಾದರೂ ಇರುತ್ತಿತ್ತು.
ಇಲ್ಲಿ ಗೂಡು ಅಳಿಸಿದ ಮೇಲೂ ಅದು ಹೇಳಿದ್ದು
ಯಂತ್ರದ ತಲೆಯಲ್ಲಿ ಉಳಿದು, ಯಾರಿಗೂ ಕಾಣದೆ
ಕೆಳಗಿನವರ ಲೆಕ್ಕಕ್ಕೆ ಕೈಹಾಕುತ್ತಿತ್ತು.
ಕರೆಂಟು ಹೋದಾಗ ಅದೂ ಹೋಯಿತು,
ಹೇಳದೆ ಕೇಳದೆ.

ಗುರುವಾರದ ಬಸ್ಸಿಗೆ ಊಲೋ ಬಂದ, ಬೆನ್ನಿಗೆ ಲ್ಯಾಪ್‌ಟಾಪ್ ಕಟ್ಟಿಕೊಂಡು.
ಹೊಸ ಬಗೆಯ ನೋಟ್‌ಬುಕ್ಕು ಬರೆಯುತ್ತಿದ್ದಾನಂತೆ:
ಮೇಲಿನದನ್ನು ಮುಟ್ಟಿದರೆ ಅದನ್ನು ನಂಬಿಕೂತ ಕೆಳಗಿನವೆಲ್ಲ
ಬೂದಿಬಣ್ಣಕ್ಕೆ ತಿರುಗಿ "ನಾವು ಹಳಸಿದ್ದೇವೆ" ಅನ್ನುತ್ತವೆ.
ಗೂಡು ಅಳಿಸಿದರೆ ಅದರ ನೆನಪೂ ಅಳಿಯುತ್ತದೆ.
ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದರೂ
ಕಳೆಯುವುದು ಒಂದೇ ಸಲ.
"ಎಂಟು ಎಲ್ಲಿಂದ ಬಂತು, ಅದು ಹೇಳುತ್ತದಾ?" ಅಂದೆ.
ಊಲೋ ಕೆನ್ನೆ ಕೆರೆದುಕೊಂಡ.
"ಅದನ್ನು ದೋಣಿಮನೆಯಲ್ಲಿ ಕೇಳು."

ದೋಣಿಮನೆಯಲ್ಲಿ ಬಲೆಗಳ ಹಿಂದೆ ಅಳತೆಗೋಲು ನಿಂತಿತ್ತು,
ಮಂಜಿನ ತೂತಿಗಿಳಿಸಿ ಅಡಿಯಿಂದ ಕೊಕ್ಕೆ ಹಾಕಿ ಓದುವ ಕೋಲು.
ತುದಿಯಲ್ಲಿ ಒರಟು ಬೆಸುಗೆ. ಬೆಸುಗೆಯ ಮೇಲೆ ಮೊದಲ ಗೆರೆ,
ಸೊನ್ನೆಯಲ್ಲ,
ನಾಲ್ಕು.

ನಾಲ್ಕೇ. ಎಂಟಲ್ಲ.

ಹಿಲ್ಲಾರ್‌ಗೆ ಫೋನು ಮಾಡಿದೆ. ಸೌನಾಕ್ಕೆ ಕಟ್ಟಿಗೆ ಒಡೆಯುತ್ತಿದ್ದ.
"ಮೊದಲ ಚಳಿಗಾಲದಲ್ಲೇ ಮುರಿಯಿತು, ಕೆರ್ತು.
ಎಲ್ಲದರಿಂದ ನಾಲ್ಕು ಕಳೆ ಅಂತ ಒಂದು ಸಾಲು ಬರೆದಿದ್ದೆ.
ಕೆಲಸ ಮುಗಿಯಿತಲ್ಲ, ಚೊಕ್ಕಟವಿರಲಿ ಎಂದು ಅಳಿಸಿದೆ."
"ಏಳೂ ಇಲ್ಲ, ಎಂಟೂ ಇಲ್ಲ" ಅಂದೆ ನಾನು.

ನಮ್ಮ ಎಸ್ಟೋನಿಯದಲ್ಲಿ ಮೌನವೂ ಒಂದು ವಾಕ್ಯ.
ಅದು ಮುಗಿಯುವವರೆಗೆ ಕಾದೆ.
"ಎರಡು ಸಲ ಒತ್ತಿದೆನೇನೋ" ಅಂದ ಕೊನೆಗೆ,
ಸಾರಿಗೆ ಉಪ್ಪು ಹಾಕಿದ್ದು ಮರೆತು
ಮತ್ತೊಂದು ಚಿಟಿಕೆ ಹಾಕಿದವನ ದನಿಯಲ್ಲಿ.

ಹಾಗಾದರೆ ನಲವತ್ತೆರಡು.
ಅವನದೂ ತಪ್ಪು, ನನ್ನದೂ ತಪ್ಪು,
ಸರೋವರ ನಡುವೆ ಎಲ್ಲೋ ಸುಮ್ಮನೆ ಹೆಪ್ಪುಗಟ್ಟಿತ್ತು ಮೂವತ್ತು ವರ್ಷ.
ಯಾರೂ ಮುಳುಗಿ ಸಾಯದಷ್ಟು ಸಣ್ಣ ವ್ಯತ್ಯಾಸ.
ಆದರೂ ಅವನು ಕೇಳಿದ:
"ತಿದ್ದುಪಡಿಯಲ್ಲಿ ನನ್ನ ಹೆಸರು ಹಾಕುತ್ತೀಯಲ್ಲ?"

ಎಲ್ಲಕ್ಕಿಂತ ಮೇಲೆ ಒಂದು ಗೂಡು ಸೇರಿಸಿ,
ಲೆಕ್ಕವಲ್ಲ, ಬರಿಯ ಮಾತು ಬರೆದೆ:
"ಅಳತೆಗೋಲಿನ ತುದಿ ಸರೋವರದ ತಳದಲ್ಲಿದೆ.
ನಾಲ್ಕು ಕಳೆಯಿರಿ. ಒಮ್ಮೆ ಮಾತ್ರ.
ಹೇಳಿದವನು ಹಿಲ್ಲಾರ್."

ಆಮೇಲೆ ಕಂಪ್ಯೂಟರನ್ನು ಆರಿಸಿದೆ,
ಬೇಕೆಂದೇ,
ಮತ್ತೆ ಹಚ್ಚುವ ಮೊದಲು
ಉಳಿದ ಕಾಫಿ ಕಾಯಿಸಲು ಎದ್ದೆ.