ಆರು ಮೀಟರು

ಗುಳೇದಗುಡ್ಡ. ಕ್ಲಸ್ಟರ್ ನಲವತ್ತೊಂದು, ಮನೆ ಹದಿನೇಳು.
ಬಾಗಿಲ ಚೌಕಟ್ಟಿಗೆ ಸೀಮೆಸುಣ್ಣದ ನಂಬರು ಬರೆದು
ದಸ್ತಗೀರ ಹಗ್ಗ ಬಿಚ್ಚಿದ: ಆರು ಮೀಟರು,
ಎರಡೂ ತುದಿಗೆ ಗಂಟು.
ಒಳಗೆ ಅಷ್ಟು ಉದ್ದ ಎಲ್ಲಿದೆ,
ಅರ್ಧ ಮನೆಯನ್ನು ಕುಣಿಮಗ್ಗವೇ ನುಂಗಿದೆ.
ಓಣಿಗೇ ಬಂದೆವು. ಬೇವಿನ ಬುಡಕ್ಕೆ ಕುರ್ಚಿ,
ಗಟಾರದ ದಂಡೆಗೆ ನಾನು,
ಕೈಯಲ್ಲಿ ಮೂರು ಕಾಲಿನ ಆ ಕರಿ ಅಕ್ಷರ.
ಓದು ಬಾರದಿದ್ದರೂ ನಡೆಯುತ್ತದೆ.
ಕಾಲು ಯಾವ ಕಡೆಗಿವೆ ಎಂದರೆ ಸಾಕು.

ಗಂಡ ಮೊದಲು ಕೂತ.
ಬಲಕ್ಕ, ಮ್ಯಾಲ, ಎಡಕ್ಕ, ಎಡಕ್ಕ, ಕೆಳಗ.
ಐದಕ್ಕೆ ಐದು. ಎದ್ದು ಚಾದಂಗಡಿಗೆ ನಡೆದ.

ಬನವ್ವ, ಅರವತ್ತೆರಡು,
ಸೆರಗು ಎಳೆದುಕೊಂಡು ಎಡಗಣ್ಣಿಗೆ ಅಂಗೈ ಮುಚ್ಚಿ
ನಾನು ಕೇಳುವ ಮೊದಲೇ ಶುರು ಮಾಡಿದಳು:
ಬಲಕ್ಕ, ಮ್ಯಾಲ, ಎಡಕ್ಕ, ಎಡಕ್ಕ, ಕೆಳಗ.
ತಡವರಿಕೆಯಿಲ್ಲ. ಲಾಳಿ ಓಡಿದ ಹಾಗೆ.
ಕಾರ್ಡು ಇನ್ನೂ ನನ್ನ ಬೆನ್ನ ಹಿಂದಿತ್ತು.

ಖಣದ ಹೂವನ್ನು ನಲವತ್ತು ವರ್ಷ
ಎಣಿಕೆಯಲ್ಲೇ ಅರಳಿಸಿದವಳಿಗೆ
ಐದು ದಿಕ್ಕು ಯಾವ ಲೆಕ್ಕ?

ಹತ್ತಿರ ಹೋದೆ. ಹಗ್ಗ ಜೋಲಿತು.
"ಯಾರ ಮುಂದ ಹೇಳಾಕಿ ನೀ ಇದನ್ನ?
ಸಾವಕಾರಗ ಗೊತ್ತಾದರ ನೂಲು ಕೊಡೂದ ಬಿಡತಾನ."

ಫಾರ್ಮಿನ ಮೇಲೆ ಬೆರಳಿಟ್ಟು ತೋರಿಸಿದೆ:
ಇದು ಕ್ಲಸ್ಟರು, ಇದು ಮನೆ, ಇದು ನೀವು, ಸೊನ್ನೆ ಎರಡು.
ದಿಲ್ಲಿಗೆ ಹೋಗುವುದು ಇಷ್ಟೇ.
"ಹೆಸರಿಲ್ಲ?"
ಇಲ್ಲ.
"ಅಡ್ಡಹೆಸರು?"
ಅದೂ ಇಲ್ಲ.
ಹದಿನೈದು ದಿನದಿಂದ ಈ ಮಾತು ಹೇಳುವಾಗ ನಾಚುತ್ತಿದ್ದೆ,
ಮನುಷ್ಯರನ್ನು ಅಂಕಿ ಮಾಡುವುದೇ ನನ್ನ ಪಗಾರದ ಕೆಲಸವೆಂದು.
ಆಕೆ ಬಿಗಿಹಿಡಿದ ಭುಜ ಇಳಿಸಿದಳು.
"ಹಂಗಾರ ಬರ್ಕೊ."

ಆಮೇಲೆ ಎಲ್ಲ ಖರೆ.
ಆರು ಮೀಟರಿಗೆ: ಏನೂ ಇಲ್ಲ.
ಮೂರಕ್ಕೆ: ಏನೋ ಕರ್ರಗ ಐತಿ, ನಿನ್ನ ಜಡಿ ಇರಬೇಕು.
ಒಂದಕ್ಕೆ: ಮ್ಯಾಲ. ಹೂಂ, ಮ್ಯಾಲ. ಈ ಸಲ ಸುಳ್ಳಲ್ಲ.
ಟಾರ್ಚು ಹಿಡಿದರೆ ಪಾಪೆಯೊಳಗೆ ಗಂಜಿ ಹಾಕಿದಂಥ ಪೊರೆ,
ಎರಡೂ ಕಡೆ, ಬಲಗಡೆ ಹೆಚ್ಚು ಮಾಗಿದೆ.

ಆಪರೇಶನ್ ಯಾಕೆ ಆಗಿಲ್ಲ?
ದುಡ್ಡಿಲ್ಲ, ಭಯ, ದೂರ, ಗೊತ್ತಿರಲಿಲ್ಲ,
ಪಟ್ಟಿಯಲ್ಲಿ ಸಾವಕಾರ ಇಲ್ಲ.
ಇತರೆ ಎಂದು ಗುರುತು ಹಾಕಿದೆ.
ಇತರೆಯ ಮುಂದಿನ ಗೆರೆ
ನನ್ನ ಕಿರುಬೆರಳಿಗಿಂತ ಗಿಡ್ಡ.

ಕೊನೆಗೆ ಹಳದಿ ಚೀಟಿ: ಬಾಗಲಕೋಟೆ ದವಾಖಾನಿ,
ಬುಧವಾರ, ಪುಕ್ಕಟೆ.
ಇದರ ಮೇಲೆ ಮಾತ್ರ ಹೆಸರು ಬೇಕು.
ಪೆನ್ನು ಹಿಡಿದು ಕೇಳಿದೆ, ಪೂರ್ತಿ ಹೆಸರು ಏನವ್ವಾ?
ಆಕೆ ಒಳಗೆ ಮಗ್ಗದ ಕಡೆ ನೋಡಿದಳು,
ನೋಡಿದಳೋ, ಸುಮ್ಮನೆ ಮುಖ ತಿರುಗಿಸಿದಳೋ.
ದಸ್ತಗೀರ ಮೊಣಕೈಗೆ ಹಗ್ಗ ಸುತ್ತಿ ಮುಗಿಸಿದ.
ಓಣಿಯ ತುದಿಯಲ್ಲಿ ಗಂಡ ಬರುತ್ತಿದ್ದ.

"ಬರಿ," ಅಂದಳು,
"ಸೊನ್ನೆ ಎರಡು."