ಹೊಸರಿತ್ತಿಗೆ ಒಂದು ಟ್ರಿಪ್

ಎರಡು ವಿಶ್ವವಿದ್ಯಾಲಯ ಸಹಿ ಮಾಡಿದ ಕಾಗದಕ್ಕ
ಗಾಜು ಹಾಕಿಸಿ, ವಿಭಾಗದ ಗ್ವಾಡಿಗೆ ಮೊಳಿ ಹೊಡದಾಂವ ನಾನಽ.
ಓದಿರಲಿಲ್ಲ. ಮೊಳಿ ಹೊಡ್ಯಾವ್ರು ಓದಬೇಕಂತ ಏನೂ ಇಲ್ಲ.

ಜೀಪಿನ ಡ್ರೈವರ ನಾ, ಇಮಾಮಸಾಬ ನದಾಫ.
ಇಪ್ಪತ್ತೆರಡು ವರ್ಷದಾಗ ಪರೀಕ್ಷಾ ಪೇಪರು, ದೊಡ್ಡವರ ಬೀಗರು,
ಒಮ್ಮೆ ಒಂದು ಸತ್ತ ನವಿಲು, ಎಲ್ಲಾ ಒಯ್ದೀನಿ.
ಉಸಿರಾಡೋ ನೀರು ಒಯ್ದದ್ದು ಇದಽ ಮೊದಲು.

ಗುವಾಹಾಟಿಯಿಂದ ಬಂದ ಬೊರಾ ಮೇಡಮ್ಮ,
ನಮ್ಮ ಧಾರವಾಡದ ಅಣ್ಣಿಗೇರಿ ಸರ್,
ಮೂರು ತಿಂಗಳು ವರದಾ ಹೊಳಿಗುಂಟ ಅಡ್ಡಾಡಿದ್ರು
ಒಂದು ಜೋಡಿ ಕೊರವನ ಮೀನಿಗೆ.
ಬಲಿ ಎತ್ತಿದಾಗೊಮ್ಮೆ ಜಿಲೇಬಿ, ಜಿಲೇಬಿ, ಮತ್ತ ಜಿಲೇಬಿ.
ತಿನ್ನೂ ಜಿಲೇಬಿ ಅಲ್ಲ, ಹೊರಗಿಂದ ಬಂದು ಹೊಳಿ ತುಂಬಿದ ಮೀನ.
ಗೆಂಡಿ ನಾಕು. ಚೇಳುಮೀನ ಒಂದು,
ಅದೂ ಮೇಡಮ್ಮನ ಬೆರಳಿಗೆ ಚುಚ್ಚಿ ದವಾಖಾನಿ ತೋರಿಸ್ತು.

ಕಡೀಕೆ ಫಕ್ಕೀರಪ್ಪ ಸುಣಗಾರ ಸಿಕ್ಕ. ವಯಸ್ಸು ಕೇಳಿದ್ರ
'ಹೊಳಿಗೆ ಪೂಲ್ ಆಗೂಕಿಂತ ಮೊದಲಿನವ' ಅನ್ನಾಂವ.
ತನ್ನ ಹಾಳುಬಾವಿಗೆ ಕರಕೊಂಡು ಹ್ವಾದ.
'ಇಲ್ಲಿ ಗಂಡ ಹೆಂಡ್ತಿ ಅದಾರ' ಅಂದ,
ಯಾರದೋ ಮನಿ ಬಾಗಲದಾಗ ನಿಂತಂಗ ದನಿ ಇಳಿಸಿ.
ಕಾದ್ವಿ. ನೀರು ಒಮ್ಮೆ ಗುಳುಕ್ ಅಂತು.
ಗಾಳಿ ಕುಡ್ಯಾಕ ಬಂದಿತ್ತು ಒಂದು ಕರೀ ತಲಿ.
'ಹೊಲ್! ಹೊಲ್!' ಅಂತ ಕುಣದ್ರು ಮೇಡಮ್ಮ.
'ಹೊಲ ಅಲ್ರೀ ಬಾಯಾರ, ಬಾವಿ' ಅಂದ ಫಕ್ಕೀರಪ್ಪ.
ಅವರ ಸೀಮ್ಯಾಗ ಕೊರವಗ ಹಂಗಂತಾರಂತ.

ರೊಕ್ಕ ಮುಟ್ಟಲಿಲ್ಲ ಅಂವ.
'ಮರಿ ಆದ ಮ್ಯಾಲೆ ಇಲ್ಲೇ ತಂದು ಬಿಡ್ರಿ.'
ಮರುದಿನ ಆ ಗಾಜಿನ ಕಾಗದ ಮೊದಲ ಸಲ ಓದಿದೆ.
ಹನ್ನೊಂದು ಕಲಮು. ಈ ಮಾತು ಇಲ್ಲ.

ಹೋದ ವಾರ ನಸುಕಿನ್ಯಾಗ ಹೊಂಟ್ವಿ. ಹಿಂದ ಆರು ಕ್ಯಾನು,
ಬಾಯಿಗೆ ಮುಚ್ಚಳ ಅಲ್ಲ, ಬಲಿ. ಇವು ಜಿಗೀತಾವ,
ಮತ್ತ ನಮ್ಮಂಗ ಮ್ಯಾಲಿನ ಗಾಳಿನೂ ಬೇಕು.
ಹುಬ್ಬಳ್ಳಿ ಬೈಪಾಸಿನಾಗ ಹಾರ್ನ್ ಹೊಡದ ಲಾರಿಯಾಂವನ್ನ ಬೈದೆ,
ತಡಸ ಕ್ರಾಸಿನ ಹಂಪ್ಸ್ ಮ್ಯಾಲೆ
ಜೀಪು ಬಾಣಂತಿ ನಡದಂಗ ನಡಸಿದೆ.
ಬಂಕಾಪುರದಾಗ ಚಾಕ್ಕ ನಿಂದರಲಿಲ್ಲ. ಬಿಸಲು ಏರಾಕತ್ತಿತ್ತು.
ಹಿಂದ ಗುಳುಕ್, ಗುಳುಕ್, ಸಣ್ಣ ಸಣ್ಣ ಸಾವಿರ ಬಾಯಿ.
ರೇಡಿಯೋ ಬಂದ್ ಮಾಡಿದೆ.

ಫಕ್ಕೀರಪ್ಪ ಕ್ಯಾನಿನಾಗ ಹಣಿಕಿ ಹಾಕಿದ. ಎಣಸಲಿಲ್ಲ.
'ಇವುಗಳ ಅಪ್ಪ ಎಲ್ಲಿ?' ಅಂದ.

ಕೊರವಂದು ಹಂಗ. ಹುಟ್ಟಿದ ಮರಿ ಕೆಂಪಗ
ಕುಂಕುಮ ಚೆಲ್ಲಿದಂಗ ನೀರ ಮ್ಯಾಲೆ ಗುಂಪಾಗಿರ್ತಾವ,
ಅವುಗಳ ಕೆಳಗ, ಕತ್ತಲದಾಗ, ಅಪ್ಪ ನಿಂತಿರ್ತಾನ.
ಆ ಕೆಂಪು ಕಂಡ್ರ ಸುಣಗಾರರು ಬಲಿ ಮಡಚ್ತಾರ.
ಹಸಿವಿದ್ರೂ.

ಸೂಜಿ ಹಾಕಿದ ಮರುದಿನ ಗಂಡು ಸತ್ತಿತ್ತು.
ಕಪಾಟಿನಾಗ, ಬಾಟ್ಲಿಯೊಳಗ ಐತಿ, ಕೊರಳಿಗೆ ಒಂದು ಚೀಟಿ.
ದಿನಾ ಅದರ ಮುಂದ ಹಾದು ಜೀಪಿನ ಕೀಲಿ ತರ್ತೀನಿ.
ಹೇಳಾಕ ಸರ್ ಇದ್ರು, ಮೇಡಮ್ಮ ಇದ್ರು.
ಇಬ್ಬರೂ ನನ್ನ ಮಾರಿ ನೋಡಿದ್ರು.
ಹೇಳಿದೆ.

ಮುದುಕ ಏನೂ ಅನಲಿಲ್ಲ.
ಎರಡು ಕ್ಯಾನು ಬಾವಿಗೆ, ಎರಡು
ಸೊಸಿ ಸಾಕಿ ಮಾರಾಕ ತೋಡಿಸಿದ ಹೊಸ ಹೊಂಡಕ್ಕ,
ಉಳಿದೆರಡು ವರದಾದ ಮಡುವಿಗೆ.
ಮಡುವಿನಾಗ ಮಣಕಾಲತನ ಇಳದು
ಮರಿಗಳ ಕೆಳಗ ಅಂಗೈ ಅಗಲ ಮಾಡಿ ಹಿಡದ.
ಮರಿ ಈಗ ಕೆಂಪಿಲ್ಲ, ಕಂದು. ಕಾವಲಿನ ವಯಸ್ಸು ದಾಟ್ಯಾವ.
ಅದು ಅವಗ ನಮಗಿಂತ ಛಲೋ ಗೊತ್ತು.
ಆದರೂ ಕೈ ತಗೀಲಿಲ್ಲ,
ಕಡೀ ಮರಿ ಜೇಕಿನ ಬುಡಕ್ಕ ನುಸುಳೂತನಕ.

ವಾಪಸ್ ಬಂದು ಲಾಗ್ ಬುಕ್ ಬರದೆ.
ಕಿಲೋಮೀಟರು ಇನ್ನೂರಾ ಮೂವತ್ನಾಕು. ಡೀಸೆಲ್ ಇಷ್ಟು.
'ಉದ್ದೇಶ' ಅನ್ನೂ ಕಾಲಮಿನಾಗ
'ಮಕ್ಕಳನ್ನ ಮನೀಗೆ ಬಿಟ್ಟು ಬರೂದು' ಅಂತ ಬರದಿದ್ದೆ.
ಗುಮಾಸ್ತ ಅದಕ್ಕ ಗೀಟು ಹೊಡದು
'ಕ್ಷೇತ್ರ ಭೇಟಿ' ಅಂತ ತಿದ್ದಿ, ಸಹಿಗೆ ಮುಂದ ಸರಸಿದ.
ಮಾಡಿದೆ. ಕೈಯಾಗ ಇನ್ನೂ ಹೊಳೀ ವಾಸನಿ ಇತ್ತು.
ಕಾಗದಕ್ಕೂ ಒಂಚೂರು ಹತ್ತಿತು.