ಇಪ್ಪತ್ತೆರಡು ಎಂ.ಎಂ.

ಉದ್ಯಮಬಾಗದ ಮೂರನೇ ಗಲ್ಲಿ, ಭಟ್ಟಿ ಆರಿದ ಸಂಜೆ.
ಅಣ್ಣೂ ಕಡೋಲ್ಕರ್ ಮೂರು ಸರಳು ತಂದು
ಬೆಂಚಿನ ಮೇಲೆ ಒಗೆದ:
ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು.
ಬಣ್ಣವಿಲ್ಲ, ಕಂಪನಿಯ ಹೆಸರಿಲ್ಲ,
ಮೈಮೇಲೆ ಖಡುವಿನ ಅಂಕಿ ಅಷ್ಟೇ.
"ಯಾವುದು ಬೇಕೋ ಲಗೂ ಹೇಳ್ರಿ,
ನಾಳೆ ನಿಪ್ಪಾಣಿಯವರ ಟ್ರಾಲಿ ಕೆಲಸ ಐತಿ."

ಹೊರಗೆ ಜಾಕಿನ ಮೇಲೆ ನನ್ನ ಕಾಂಟೆಸಾ,
ತೊಂಬತ್ತೊಂದರದು, ಬಾನೆಟ್ ತೆರೆದು
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.
ಎಂಜಿನ್ ಬದಲಿಸಿದ ಮೇಲೆ
ಓಡುವುದು ಕಲಿತಿತು, ತಿರುಗುವುದು ಮರೆಯಿತು.
ಹಿಂದಿನ ಸೀಟಿನ ನಾದಿನಿ
ಗೋಗಟೆ ಸರ್ಕಲ್ಲಿನಲ್ಲೇ ನಿಂಬೆಹಣ್ಣು ಕೇಳಿದಳು.

ಈ ಸರಳಿನ ಸ್ವಭಾವ ಬೇರೆ.
ಎರಡೂ ಗಾಲಿ ಕೂಡಿ ಎದ್ದು ಕೂಡಿ ಇಳಿದರೆ
ತನಗೆ ಸಂಬಂಧವೇ ಇಲ್ಲ ಅನ್ನುವಂತೆ
ಬುಷ್ಷಿನೊಳಗೆ ಸುಮ್ಮನೆ ಹೊರಳುತ್ತದೆ.
ಒಂದು ಎದ್ದು ಒಂದು ಬಿದ್ದಾಗ ಮಾತ್ರ
ಮೈ ತಿರುಚಿಕೊಂಡು
ನಡುವೆ ಬರುತ್ತದೆ.

"ಎರಡು ಎಂ.ಎಂ. ಅಂದ್ರ ಏನ್ ಮಹಾ?" ಅಂದೆ.
ಅಣ್ಣೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು
ದಪ್ಪವನ್ನು ದಪ್ಪದಿಂದಲೇ ಗುಣಿಸುತ್ತ ಹೋದ,
ಗುಣಾಕಾರ ಮರಾಠಿಯಲ್ಲಿ, ತಪ್ಪಿದಾಗ ಬೈಗುಳ ಕನ್ನಡದಲ್ಲಿ.
"ಇಪ್ಪತ್ತೆರಡು ಅಂದ್ರ ಒಂದಕ್ಕ ಒಂದೂವರಿ ಬಿರುಸು.
ಇಪ್ಪತ್ತನಾಲ್ಕು ಅಂದ್ರ ಎರಡಕ್ಕೂ ಮ್ಯಾಲ.
ಕಣ್ಣಿಗೆ ಕಾಣೂದಿಲ್ಲ, ಕುಂಡಿಗೆ ತಿಳೀತೈತಿ."

ಇಪ್ಪತ್ತನಾಲ್ಕನ್ನೇ ಹಾಕಿಸಿದೆ.

ರವಿವಾರ ನಸುಕು, ಜಾಂಬೋಟಿ ರಸ್ತೆ.
ಗಾಡಿ ಊಟದ ಮೇಜಿನಷ್ಟು ಮಟ್ಟಸ.
ಎಡಗಾಲಿ ತಗ್ಗಿಗೆ ಬಿದ್ದರೆ
ಬಲಗಾಲಿಯೂ ಹಲ್ಲು ಕಚ್ಚಿತು,
ನನ್ನ ತಲೆ ಆ ಕಡೆ ಈ ಕಡೆ, ಬೇಡ ಬೇಡ ಅನ್ನುವವನ ಹಾಗೆ.
ನಾಲ್ಕನೇ ತಿರುವಿನಲ್ಲಿ
ಸ್ಟೇರಿಂಗ್ ತಿರುಗಿತು, ಮೂತಿ ತಿರುಗಲಿಲ್ಲ.
ವಾಲಲಿಲ್ಲ, ನರಳಲಿಲ್ಲ, ಒಂದು ಸುಳಿವೂ ಕೊಡದೆ
ನೆಟ್ಟಗೆ ಹುಲ್ಲಿನೊಳಗೆ ಹೋಗಿ ನಿಂತಿತು.
ಹಾಲಿನ ಕ್ಯಾನಿನವನು ಬೈಕು ನಿಲ್ಲಿಸಿ ಕೇಳಿದ,
"ಏನ್ರಿ, ಇಲ್ಲೇ ಬರೋದಿತ್ತೇನು?"

ಬಂಪರಿನ ಹುಲ್ಲು ನೋಡಿ ಅಣ್ಣೂ ನಗಲಿಲ್ಲ.
ಇಪ್ಪತ್ತೆರಡರ ತೋಳಿಗೆ
ಎರಡೆರಡು ತೂತು ಕೊರೆದ.
"ಹತ್ರದ್ದು ಬಿರುಸು. ದೂರದ್ದು ಮೆತ್ತಗ.
ಮುಂದಿಂದು ನಿಮ್ಮ ಮರ್ಜಿ."

ಈಗ ದೂರದ ತೂತಿನಲ್ಲಿದೆ.
ವಾಲುತ್ತದೆ ಸ್ವಲ್ಪ,
ಬಾಗಿಲಲ್ಲಿ ನಿಂತು ಹೋಗಿಬರ್ತೀನಿ ಅನ್ನುವಷ್ಟು.
ಆ ಒಂದು ಮಾತಿಗಾಗಿ ಕಿವಿಗೊಟ್ಟು ಬ್ರೇಕು ಮುಟ್ಟುತ್ತೇನೆ.
ನಾದಿನಿ ಮೊನ್ನೆ ಖಾನಾಪುರದವರೆಗೆ ನಿದ್ದೆ ಹೋದಳು.

ಆದರೂ ಹದಿನೇಳರ ಪಾನಾ
ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದೇನೆ.